ರೈಲಿಲ್ಲದ ಊರಿನ ಬೀಟ್

ಒಂದೇ ಸಲ ಹೇಳುತ್ತೇನೆ, ಕಿವಿಗೊಟ್ಟು ಕೇಳಿ: ಬೀದರಿನಲ್ಲಿ ನಮ್ಮ ಮೊದಲ ಹಾಡು ಬಿಡುಗಡೆಯಾದಾಗ ಇಡೀ ಹಾಲ್ ಎದ್ದು ನಿಂತಿತು. ನಿಮ್ಮ ಹೀರೋನ ಎಂಟ್ರಿಗೂ ಜನ ಹಾಗೆ ಎದ್ದಿರಲಿಕ್ಕಿಲ್ಲ.

ನಾವು ಇಬ್ಬರೇ. ಗಿಟಾರ್ ಮತ್ತು ಗಂಟಲು ನನ್ನದು, ಔರಾದದ ಅಶ್ವಜಿತನದು. ಬೇಸ್ ಗಿಟಾರ್ ಮತ್ತು ಲ್ಯಾಪ್‌ಟಾಪ್ ಭಾಲ್ಕಿಯ ಮುಸ್ತಕೀಮನದು. ನಮ್ಮದು ಪೋಸ್ಟ್-ಪಂಕ್. ಅಂದರೆ ಬೇಸ್ ಮುಂದೆ ನಡೆಯುತ್ತದೆ, ಗಿಟಾರ್ ಮುನಿಸಿಕೊಂಡು ಹಿಂದೆ ಬರುತ್ತದೆ, ನಾನು ಹಾಡುವ ಬದಲು ವಿಲನ್‌ಗೆ ವಾರ್ನಿಂಗ್ ಕೊಡುತ್ತೇನೆ. ಹಾಡಿನ ಹೆಸರು ‘ನಮ್ಮೂರಿಗಿ ರೈಲಿಲ್ಲ’.

ನಮ್ಮ ಮನೆಯಲ್ಲಿ ನೆಟ್ಟಗಿರುವ ಪ್ಲಗ್ ಅಡುಗೆಮನೆಯದೊಂದೇ. ಅಲ್ಲೇ ಕೂತು ಗಿಟಾರ್ ರೆಕಾರ್ಡ್ ಮಾಡಿ ಕಳಿಸಿದೆ. ಮುಸ್ತಕೀಮ ಫೋನ್ ಮಾಡಿದ.

“ಏ ಅಶ್ಯಾ, ಗಿಟಾರ್ ಹಿಂದ ಅದೇನು ಬೀಟಲೇ? ನಮ್ಮ ಮನಿ ಮುಂದ ರೈಲ್ ಹೋದಂಗ ಅದ! ರೈಲಿಲ್ಲದ ಊರಾಗ ಎಲ್ಲಿ ಸಿಕ್ತು?”

“ನಾನೇ ಬಾರ್ಸೀನಿ. ಈ ಕೈಯಾಗ ಕಲಾ ಅದ, ದೋಸ್ತ.”

ಪಾಪ, ನಂಬಿದ. ಇಡೀ ಹಾಡನ್ನು ಆ ಬೀಟಿನ ಮೇಲೆ ಕಟ್ಟಿದ. ಬೀದರಿನಲ್ಲಿ ಹಾಲ್ ಗೊತ್ತುಮಾಡಿ ಹೇಳಿದ: “ಸ್ಟೇಜ್ ಮ್ಯಾಲ ನೀನೇ ಬಾರಸ್ಬೇಕು. ಲ್ಯಾಪ್‌ಟಾಪ್ ಹಚ್ಚಿ ಜನರಿಗಿ ಮೋಸ ಮಾಡಂಗಿದ್ರ ನನಗ ಬ್ಯಾಂಡೇ ಬ್ಯಾಡ.”

ಬಕೆಟ್ ಬಡಿದೆ, ಡಬ್ಬಿ ಬಡಿದೆ, ಬಾಗಿಲು ಬಡಿದೆ. ರೈಲು ಬರಲಿಲ್ಲ; ಪಕ್ಕದ ಮನೆಯ ಜಿಜಾಬಾಯಿ ಬಂದು ಬೈದು ಹೋದಳು. ಕೊನೆಗೆ ಅವ್ವನ ಕಾಲು ಹಿಡಿದೆ.

“ಅವ್ವಾ, ಅದು ನೀ ಪರಾತದಾಗ ರೊಟ್ಟಿ ಬಡಿಯೋ ಸಪ್ಪಳ. ನೀ ಬರಲಿಲ್ಲಂದ್ರ ಮುಸ್ತಕೀಮ ನನ್ನ ಬಿಟ್ಟು ಹೋಗ್ತಾನ.”

ಅವ್ವ ಅಂಜನಾಬಾಯಿ ಹಿಟ್ಟಿನ ಕೈಯಲ್ಲೇ ತಲೆಗೊಂದು ಕೊಟ್ಟಳು. “ನನ್ನ ರೊಟ್ಟಿ ಕದ್ದು ಹೆಸರು ಮಾಡ್ತೀ ಏನಲೇ? ಬರ್ತೇನಿ. ಆದ್ರ ಸುಮ್ನ ಪರಾತ ಬಡ್ಯಾಂಗಿಲ್ಲ, ಖರೇನೇ ರೊಟ್ಟಿ ಮಾಡ್ತೇನಿ. ಗ್ಯಾಸ್ ನೀ ಹೊರು.”

ಸ್ಟೇಜಿನ ಮೇಲೆ ಒಲೆ, ಜೋಳದ ಹಿಟ್ಟು, ಪರಾತ, ಅವ್ವ. ಮುಸ್ತಕೀಮ ಪರಾತ ನೋಡಿದ, ನನ್ನನ್ನು ನೋಡಿದ.

“ಇದೇನಲೇ ನಿನ್ನ ಕೈಯಾಗಿನ ಕಲಾ?”

“ಅವ್ವನ ಕೈ ಅಂದ್ರ ನನ್ನ ಕೈನೇ ಅಲ್ಲೇನು?”

ಬೇಸ್ ಕೆಳಗಿಡುತ್ತಾನೆ ಎಂದುಕೊಂಡೆ. ಅವನು ಬಗ್ಗಿ ನನ್ನ ಮೈಕನ್ನೇ ಕಿತ್ತು ಪರಾತದ ಹತ್ತಿರ ಇಟ್ಟ. “ಸಲಾಮ್ರಿ ಅವ್ವಾರ. ನೀವು ಬಡೀರಿ, ನಾ ನಿಮ್ಮ ಹಿಂದ ಬರ್ತೇನಿ. ಇವನ್ನ ಆಮ್ಯಾಲ ನೋಡ್ಕೋತೇನಿ.”

ಅವ್ವ ಬಡಿದಳು. ಹಾಲಿಗೆ ರೈಲು ಬಂತು.

ಇನ್ನು ನಿಜ ಹೇಳಿಬಿಡುತ್ತೇನೆ. ಜನ ಎದ್ದದ್ದು ನನ್ನ ಹಾಡಿಗಲ್ಲ. ಮೊದಲ ರೊಟ್ಟಿ ಉಬ್ಬಿ ವಾಸನೆ ಹಿಂದಿನ ಕುರ್ಚಿ ಮುಟ್ಟಿತು, ಎಲ್ಲರೂ ಎದ್ದು ರೊಟ್ಟಿಗೆ ಪಾಳಿ ಹಚ್ಚಿ ನಿಂತರು. ಅವತ್ತು ಹಾಲಿನಲ್ಲೇ ರೆಕಾರ್ಡ್ ಆದ ಹಾಡಿನ ಕೊನೆಯಲ್ಲಿ ಬೇಸ್ ನಿಂತುಹೋಗಿದೆಯಲ್ಲ, ಅದನ್ನು ನಾವು ‘ಸ್ಟೈಲ್’ ಎಂದು ಹೇಳಿಕೊಂಡು ತಿರುಗುತ್ತೇವಲ್ಲ, ಅದೂ ಸುಳ್ಳು. ಆಗ ಮುಸ್ತಕೀಮನ ಎರಡೂ ಕೈಯಲ್ಲಿ ಅವ್ವನ ರೊಟ್ಟಿ ಇತ್ತು.