ಮುಚ್ಚಳದಮ್ಮನ ಮಂಡಕ್ಕಿ

“ಹಾಲಿನಪುಡಿ ಡಬ್ಬಿ ಮುಚ್ಚಳದಲ್ಲಿ ಖಾರ ಅಳೆಯೋ ಮುಚ್ಚಳದಮ್ಮನ ಮಗ ನೀನು. ಕಂಡೋರ ಕಂಪನಿ ಹೆಸರು ಕದ್ದು ನನ್ ಅಂಗಡೀಗೆ ತಂದಿಡ್ತೀಯೇನೋ?”

ತರೀಕೆರೆಯ ಕಿರಾಣಿ ಅಂಗಡಿಯ ರಘುನಾಥ್ ಇಷ್ಟು ಹೇಳಿ, ‘ಶಿರೀನ್’ ಖಾರ ಮಂಡಕ್ಕಿ ಪೊಟ್ಟಣಗಳ ಚೀಲವನ್ನು ತಂದು ಮೆಟ್ಟಿಲ ಮೇಲೆ ಕುಕ್ಕಿದರು. ಸಾಮಾನಿಗೆ ನಿಂತಿದ್ದ ಐದಾರು ಜನ ತಿರುಗಿ ನೋಡಿದರು. ಒಬ್ಬರು ನಕ್ಕೇಬಿಟ್ಟರು. ಕಡೂರಿನ ಜುಲ್ಫಿಕರ್‌ಗೆ ಕಿವಿಯವರೆಗೂ ಬಿಸಿಯೇರಿತು.

ಅವನ ತಾಯಿ ಮಹಬೂಬ್ ಬಿ ಖಾರದ ಪುಡಿ ಅಳೆಯುವುದು ಹಳೆಯ ಡಬ್ಬಿಯ ಮುಚ್ಚಳದಲ್ಲೇ. ಚಮಚ ಕೊಟ್ಟರೆ ಅಳತೆ ತಪ್ಪುತ್ತದೆ ಅನ್ನುತ್ತಾಳೆ. ಅದನ್ನೂ ಬೈಗುಳ ಮಾಡಬೇಕೆ?

“ಯಾರ ಹೆಸರು ಕದ್ದಿದೀನಿ? ಶಿರೀನ್ ಅನ್ನೋದು ನನ್ ಹೆಂಡ್ತಿ ಹೆಸರು ಕಣ್ರೀ!”

“ಅದನ್ನ ಇವರಿಗೆ ಹೇಳ್ಕೋ,” ಎಂದು ರಘುನಾಥ್ ಒಂದು ಕಾಗದ ಮುಂದೆ ಹಿಡಿದರು.

ಬೇರೆ ರಾಜ್ಯದ ಕುರುಕಲು ತಿಂಡಿ ಕಂಪನಿಯೊಂದು ವಕೀಲರಿಂದ ಅಂಗಡಿಗೂ ಜುಲ್ಫಿಕರ್‌ಗೂ ಸೇರಿಸಿ ಕಳಿಸಿದ ನೋಟಿಸು. ‘ಶಿರೀನ್’ ತಮ್ಮ ನೋಂದಾಯಿತ ಹೆಸರು, ಹದಿನೈದು ದಿನದೊಳಗೆ ಮಾರಾಟ ನಿಲ್ಲಿಸದಿದ್ದರೆ ಕೋರ್ಟು. ಅಂಗಡಿಯವರೆಲ್ಲ ಹೀಗೆ ಚೀಲ ಹೊರಗಿಟ್ಟರೆ ಮನೆಯ ಒಲೆಯೇ ಆರಿದಂತೆ. ಆ ಒಲೆಯನ್ನೇ ನಂಬಿದ್ದು ಐದು ಹೊಟ್ಟೆ.

ಜುಲ್ಫಿಕರ್ ಹಲ್ಲು ಕಚ್ಚಿಕೊಂಡು ಚೀಲ ಹೊತ್ತ. ಕಡೂರಿಗೆ ಬಂದವನೇ ನಿಶ್ಚಿತಾಳ ಕಂಪ್ಯೂಟರ್ ಅಂಗಡಿಗೆ ನುಗ್ಗಿದ. ಏಳನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಶಾಲೆ. ಆಮೇಲೆ ಇವನು ಬಿಟ್ಟ, ಅವಳು ಓದಿದಳು.

ನೋಟಿಸು ಓದಿದ ನಿಶ್ಚಿತಾ ಕೇಳಿದಳು, “ಹೆಸರಿಡೋ ಮುಂಚೆ ಹುಡುಕಿದ್ಯೇನೋ?”

“ಹುಡುಕ್ದೆ ಬಿಡ್ತೀನಾ? ಗಾಡಿ ತಗೊಂಡು ಕಡೂರು, ತರೀಕೆರೆ, ಅಜ್ಜಂಪುರ, ಮೂರೂರಿನ ಬೋರ್ಡೂ ಒಂದೊಂದಾಗಿ ಓದ್ದೆ. ಹಿರೇನಲ್ಲೂರಲ್ಲೂ ಕೇಳ್ದೆ. ಒಂದ್ ಶಿರೀನೂ ಇರ್ಲಿಲ್ಲ.”

“ಮೂರೂರಿಗೇ ದೇಶ ಮುಗಿದೋಯ್ತಾ?”

“ಪುರಸಭೆ ಲೈಸೆನ್ಸ್ ಐತೆ ಕಣೇ. ಆಹಾರ ಇಲಾಖೆ ನಂಬರೂ ಐತೆ. ಅವರ್ಯಾರೂ ಬೇಡ ಅನ್ಲಿಲ್ವಲ್ಲ?”

“ಅದು ವ್ಯಾಪಾರ ಮಾಡಬೋದು, ತಿಂಡಿ ಮಾರಬೋದು ಅಂತ ಕೊಟ್ಟಿದ್ದು. ಹೆಸರು ನಿಂದೇ ಅಂತ ಕೊಟ್ಟಿದ್ದಲ್ಲ. ಜಮೀನಿಗೆ ಖಾತೆ ಇದ್ದಂಗೆ ಸರಕಿನ ಹೆಸರಿಗೂ ಒಂದು ಖಾತೆ ಐತೆ. ಅದಕ್ಕೇ ಟ್ರೇಡ್‌ಮಾರ್ಕ್ ಅನ್ನೋದು. ಪಹಣಿ ನೋಡ್ದೆ ಕಂಡ ಹೊಲಕ್ಕೆ ನೇಗಿಲು ಹೂಡ್ತಾರೇನೋ?”

ಅವಳು ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣ ತೆರೆದು ಹುಡುಕಿದಳು. ಪರದೆಯ ಮೇಲೆ ಆ ಕಂಪನಿಯ ಹೆಸರು ಬಂತು. ಅದರ ಕೆಳಗೆ ಬೇರೆ ಬಗೆಯ ಸರಕಿಗೆ ಅದೇ ಹೆಸರು ಪಡೆದ ಇನ್ನೊಂದು ಕಂಪನಿ, ಮತ್ತೊಂದು ಊರಿನದು.

“ಅವರದ್ದು ಇಂಗ್ಲಿಷು. ನಂದು ಕನ್ನಡ,” ಜುಲ್ಫಿಕರ್ ಬಿಡಲಿಲ್ಲ.

“ಬಾಯಲ್ಲಿ ಕೂಗಿದ್ರೆ ಎರಡೂ ಒಂದೇ ಅಲ್ವಾ? ಅಕ್ಷರ ಬದಲಾಯ್ಸಿದ್ರೆ ಹೆಸರು ಬದಲಾಗಲ್ಲ ಕಣೋ. ಅದೂ ಅಲ್ದೆ, ಶಿರೀನ್ ಅಂದ್ರೆ ಸಿಹಿ ಅಂತ ನಿಮ್ಮಮ್ಮನೇ ಹೇಳಿದ್ರು. ಖಾರ ಮಂಡಕ್ಕಿಗೆ ಸಿಹಿ ಅಂತ ಹೆಸರಿಟ್ಟೋನು ಲೋಕದಲ್ಲಿ ನೀನೊಬ್ನೇ.”

ಅವನಿಗೆ ನಗು ಬರಲಿಲ್ಲ. “ಈ ಕಾಗದ ಹರಿದು ಬಿಸಾಕ್ತೀನಿ.”

“ಹರಿದ್ರೆ ಕೇಸು ಹರಿಯಲ್ಲ. ನಾಳೇನೇ ವಕೀಲರಿಗೆ ತೋರ್ಸು, ಉತ್ತರ ಕಳ್ಸು. ಬೇರೆ ಹೆಸರು ತಗೊಂಬಾ, ಹುಡುಕೋಣ.”

ಮನೆಯಲ್ಲಿ ಶಿರೀನ್ ತಾಜ್ ಕೆರಳಿದಳು. “ನನ್ ಹೆಸರು ನಂದು. ಯಾವನೋ ಹೇಳ್ದ ಅಂತ ತೆಗೀತೀರಾ?”

“ಮನೇಲಿ ನಿನ್ನ ಹೆಸರು ಯಾರೂ ಕಿತ್ಕೊಳಲ್ಲ. ಪೊಟ್ಟಣದ ಮೇಲೆ ಮಾತ್ರ ಬೇಡ. ಇನ್ನೊಬ್ರ ಹೆಸರಲ್ಲಿ ಬೆಳೆದ್ರೆ ಬೆಳೆದಷ್ಟೂ ಅವರದ್ದೇ ಆಯ್ತದೆ,” ಎಂದ ಜುಲ್ಫಿಕರ್. ತನ್ನ ಬಾಯಿಂದ ಬಂದ ಮಾತು ಅವನಿಗೇ ನಾಟಿತು.

ಮಹಬೂಬ್ ಬಿ ಒಲೆಯ ಮುಂದೆ ಕೂತು ಮುಚ್ಚಳ ತುಂಬ ಖಾರ ಅಳೆಯುತ್ತಿದ್ದಳು. “ಅಂಗಡಿಯವನು ನನ್ನೂ ಏನೋ ಅಂದ್ನಂತಲ್ಲ, ಬಸ್ಸಲ್ಲಿ ಬಂದೋರು ಹೇಳಿದ್ರು. ಏನಂದ?”

“ಬಿಡಮ್ಮ.”

“ಹೇಳೋ, ಏನಂದ?”

“ಮುಚ್ಚಳದಮ್ಮ ಅಂದ.”

ಶಿರೀನ್ ತಾಜ್ ಕೋಪ ಮರೆತು ಕಿಸಕ್ಕನೆ ನಕ್ಕಳು. ಮಹಬೂಬ್ ಬಿ ಮುಚ್ಚಳವನ್ನು ತಿರುಗಿಸಿ ನೋಡಿದಳು. “ಸುಳ್ಳೇನು ಹೇಳಿಲ್ವಲ್ಲ. ಈ ಹೆಸರು ಯಾವ ಕಂಪನಿಗೈತೆ ಹೇಳು?”

ಮರುದಿನ ನಿಶ್ಚಿತಾ ‘ಮುಚ್ಚಳದಮ್ಮ’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಬಗೆಯಾಗಿ ಬರೆದು ಹುಡುಕಿದಳು. ಉಚ್ಚಾರ ಹತ್ತಿರವಿರುವ ಹೆಸರು, ಕಂಪನಿಗಳ ಪಟ್ಟಿ, ಇಂಟರ್ನೆಟ್ಟು, ಎಲ್ಲವನ್ನೂ ಜಾಲಾಡಿದಳು. ಎಲ್ಲೂ ಇರಲಿಲ್ಲ.

“ಕುಣೀಬೇಡ,” ಎಂದಳು. “ಸಿಗ್ಲಿಲ್ಲ ಅಂದ್ರೆ ಗೆದ್ದಂಗಲ್ಲ. ಅರ್ಜಿ ಹಾಕು. ಅವರು ಪರಿಶೀಲನೆ ಮಾಡ್ತಾರೆ, ಯಾರಾದ್ರೂ ತಕರಾರೂ ತೆಗೀಬೋದು. ಸಣ್ಣ ಉದ್ದಿಮೆ ಅಂತ ಉದ್ಯಮ್ ನೋಂದಣಿ ಇದ್ರೆ ಶುಲ್ಕ ಅರ್ಧಕ್ಕರ್ಧ.”

ವಕೀಲರ ಕೈಲಿ ನೋಟಿಸಿಗೆ ಉತ್ತರ ಹೋಯಿತು, ಹೊಸ ಹೆಸರಿಗೆ ಅರ್ಜಿಯೂ ಬಿತ್ತು. ‘ಶಿರೀನ್’ ಎಂದು ಅಚ್ಚು ಹಾಕಿಸಿದ್ದ ಹಳೆಯ ಕವರು ಎರಡು ಚೀಲ ಉಳಿದಿದ್ದವು. ಜುಲ್ಫಿಕರ್ ಒಂದೊಂದನ್ನೂ ತಾನೇ ಕೂತು ಕತ್ತರಿಸಿದ. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ.

ಸ್ವಸಹಾಯ ಸಂಘದಲ್ಲಿ ಇದನ್ನು ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನಾಳೆ ಅಂಗಡಿ ತೆರೆಯಲಿರುವ ತಮ್ಮಂದಿರೇ, ಉಪ್ಪಿನಕಾಯಿಯೋ ಹಪ್ಪಳವೋ ಹೊಲಿಗೆಯೋ, ನಿಮ್ಮ ಕೆಲಸ ಏನೇ ಇರಲಿ, ಬೋರ್ಡು ಬರೆಸುವ ಮೊದಲು, ಕವರು ಅಚ್ಚು ಹಾಕಿಸುವ ಮೊದಲು, ಹೆಸರು ಹುಡುಕಿಸಿ. ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಹುಡುಕುವುದಕ್ಕೆ ಸರ್ಕಾರ ಶುಲ್ಕ ಕೇಳುವುದಿಲ್ಲ. ನಿಮಗೆ ಬಾರದಿದ್ದರೆ ಬಲ್ಲವರ ಪಕ್ಕ ಕೂತು ಮಾಡಿಸಿ. ನಾಚಿಕೆ ಬೇಡ. ಬೆವರು ನಿಮ್ಮದು, ಹೆಸರೂ ನಿಮ್ಮದೇ ಆಗಿರಲಿ.

ಒಂದು ತಿಂಗಳಾದ ಮೇಲೆ ಜುಲ್ಫಿಕರ್ ಹೊಸ ಪೊಟ್ಟಣಗಳ ಚೀಲವನ್ನು ಅದೇ ಮೆಟ್ಟಿಲ ಮೇಲೆ ಇಟ್ಟ. ಅವತ್ತೂ ಅಂಗಡಿ ಮುಂದೆ ಜನವಿದ್ದರು. ರಘುನಾಥ್ ಒಂದನ್ನು ಎತ್ತಿ ಜೋರಾಗಿ ಓದಿದರು.

“ಮುಚ್ಚಳದಮ್ಮನ ಮಂಡಕ್ಕಿ! ಲೇ, ಸಖತ್ತಾಗಿದೆ ಕಣೋ. ಹತ್ತು ಪೊಟ್ಟಣ ಜಾಸ್ತೀನೇ ಇಡು. ಈ ಹೆಸರು ಯಾರೋ ನಿಂಗೆ ಕೊಟ್ಟೋರು?”

ಜುಲ್ಫಿಕರ್ ಅವರ ಮುಖವನ್ನೊಮ್ಮೆ ನೆಟ್ಟಗೆ ನೋಡಿದ. ಹತ್ತು ಪೊಟ್ಟಣ ಎಣಿಸಿಟ್ಟ. ಉಳಿದ ಚೀಲವನ್ನು ಹೆಗಲಿಗೇರಿಸಿ ಅಜ್ಜಂಪುರದ ಬಸ್ಸಿನ ಕಡೆ ನಡೆದುಬಿಟ್ಟ.