ಸಣ್ಣ ಪಾದಕ್ಕೆ ಕ್ಲಚ್ಚು

ರಬ್ಬರ್ ಮ್ಯಾಟಿನ ವಾಸನೆ, ಮಣ್ಣು, ಡೀಸೆಲ್ಲು, ಯಾವತ್ತೋ ಚೆಲ್ಲಿದ ಚಹಾ — ಇಷ್ಟು ವರ್ಷ ಕಾಲಿಟ್ಟ ಜಾಗದಲ್ಲಿ ಇವತ್ತು ತಲೆಯಿಟ್ಟು ಮಲಗಿದ್ದಾಳೆ, ಅರ್ಧ ಮೈ ಪಿಕಪ್ಪಿನೊಳಗೆ, ಅರ್ಧ ಹೊರಗೆ, ಕೆಟ್ಟುಹೋದ ಎಡ ಮೊಣಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ಕಣ್ಣೆದುರಿಗೇ ಕ್ಲಚ್ ಪೆಡಲು, ಅದರ ಹಿಂದೆ ಸರಳು, ಸರಳಿನ ಮೇಲೆ ಜಂಗು ಹಿಡಿದ ನಟ್ಟು, ಎಷ್ಟು ತುಳಿದಿದ್ದಾಳೆ ಇದನ್ನು, ಮುಖ ನೋಡಿದ್ದು ಮಾತ್ರ ಈಗ, ಏನೇ ಬಂಡಿ ನಿನ್ನ ನುಂಗ್ತಾ ಇದೆಯಾ ಬರೀ ಕಾಲು ಕಾಣ್ತಿದೆ ಅಂತ ಗಂಡ ಅಂಗಡಿ ಬಾಗಿಲಲ್ಲಿ ನಿಂತು ನಗುತ್ತಾನೆ, ಸುಮ್ನಿರ್ರೀ, ಆ ದೊಡ್ಡ ಸ್ಪ್ಯಾನರ್ ಕೊಡಿ, ಗಾಜು ಕತ್ತರಿಸೋರಿಗೆ ಇದೆಲ್ಲ ತಿಳಿಯಲ್ಲ, ಅವನು ಕೊಡುತ್ತಾನೆ, ಬೆರಳ ತುದಿಯಲ್ಲಿ ಗಾಜಿನ ಪುಡಿ ಮಿನುಗುತ್ತದೆ, ಮದುವೆಯಾದಾಗಿನಿಂದ ಆ ಕೈ ಮಿನುಗದ ದಿನವಿಲ್ಲ. ಅವನು ಕತ್ತರಿಸುವುದು, ಇವಳು ಸಾಗಿಸುವುದು, ಹಾಗೇ ನಡೆದುಬಂತು ಅಂಗಡಿ, ಮಗ ಕತ್ತರಿಸುವುದರಲ್ಲಿ ಅಪ್ಪನನ್ನೂ ಮೀರಿಸಿದ, ಆದರೆ ಸ್ಟೀರಿಂಗ್ ಹಿಡಿದರೆ ತಲೆ ಸುತ್ತುತ್ತದಂತೆ, ಪುಣ್ಯಾತ್ಮ, ಅದಕ್ಕೇ ಸೊಸೆ — ಸೊಸೆಯ ಪಾದ. ನಿನ್ನೆ ಸಂಜೆ ಕಂಡದ್ದು. ವಾರವೆಲ್ಲ ಪಕ್ಕದಲ್ಲಿ ಕೂತು ಇವಳು ನೋಡಿದ್ದು ರಸ್ತೆಯನ್ನು, ಎದುರಿಗೆ ಬರುವ ಬಸ್ಸನ್ನು, ಮೆಲ್ಲಗೆ ಬಿಡೇ, ಕಾಲು ಮೆಲ್ಲಗೆ ಬಿಡು ಅಂತ ಬಾಯಿ ಒಣಗಿಸಿಕೊಂಡದ್ದೇ ಬಂತು, ಪ್ರತಿ ಸಲವೂ ಪಿಕಪ್ಪು ಕಪ್ಪೆಯ ಹಾಗೆ ಕುಪ್ಪಳಿಸಿ ನಿಲ್ಲುತ್ತಿತ್ತು, ಹಿಂದೆ ಗಾಜು ಗಲಗಲ, ಮೊನ್ನೆ ಏರಿನಲ್ಲಿ ಠಳ್ ಅಂತು, ಯಾರದೋ ಅಡುಗೆಮನೆಯ ಕಿಟಕಿ ಎರಡು ಹೋಳಾಯಿತು, ಅತ್ತೆ ಪೆಡಲು ಯಾಕೋ ತುಂಬಾ ಮೇಲಿದೆ ಅನ್ಸುತ್ತೆ ಅಂದಿತು ಹುಡುಗಿ, ಆಗ ಇವಳ ನಾಲಿಗೆ ಸುಮ್ಮನಿರಬೇಕಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನೆಲವೇ ಡೊಂಕಾಗಿತ್ತು. ನಿನ್ನೆ ಚಿಲ್ಲರೆ ಕೆಳಗೆ ಬಿತ್ತೆಂದು ಬಗ್ಗಿದವಳಿಗೆ ಕಂಡಿತು, ಚಪ್ಪಲಿ ಬಿಟ್ಟ ಪಾದ, ಗೇಣುದ್ದವೂ ಇಲ್ಲ, ಪೆಡಲಿನ ತುದಿಗೆ ಬರೀ ಬೆರಳು, ಹಿಮ್ಮಡಿ ಗಾಳಿಯಲ್ಲಿ, ಆಸರೆಯಿಲ್ಲದೆ ನಡುಗುತ್ತಿರುವ ಹಿಮ್ಮಡಿ — ಇವಳದ್ದೋ ಒನಕೆಯಂಥ ಕಾಲು, ಹಿಮ್ಮಡಿ ನೆಲಕ್ಕೂರಿದರೂ ಬೆರಳು ಎಲ್ಲಿಗೆ ಬೇಕಾದರೂ ತಲುಪುತ್ತದೆ, ಮೊಣಕಾಲು ನೋಯತೊಡಗಿದಾಗ ಪೂರ್ತಿ ತುಳಿಯಲಾರದೆ ಕ್ಲಚ್ಚನ್ನು ಬಿಗಿ ಮಾಡಿಸಿದವಳು ಇವಳೇ, ಅರ್ಧ ಒತ್ತಿದರೆ ಸಾಕು ಅನ್ನುವಷ್ಟು, ಆಮೇಲೆ ಇನ್ನೊಂದಿಷ್ಟು, ಬಿಗಿ ಮಾಡಿದಷ್ಟೂ ಕ್ಲಚ್ಚು ಹಿಡಿಯುವ ಜಾಗ ಮೇಲೆ ಮೇಲೆ ಹೋಯಿತು, ಅಕ್ಕಾ ಹಿಂಗೇ ಬಿಗಿ ಮಾಡ್ತಾ ಹೋದ್ರೆ ಪ್ಲೇಟು ಸುಟ್ಟುಹೋಗುತ್ತೆ ನೋಡಿ ಅಂದ ಮೆಕ್ಯಾನಿಕ್ಕು, ಸುಡಲಿ ಬಿಡಪ್ಪ ನನ್ನ ಮೊಣಕಾಲಿಗಿಂತ ಪ್ಲೇಟು ಅಗ್ಗ ಅಂದದ್ದು ಜಂಬದಿಂದಲೇ. ಸೊಸೆ ಬೆಳಿಗ್ಗೆ ತಟ್ಟೆ ತೊಳೆಯುತ್ತಾ ಅಂದಳು, ಅತ್ತೆ ನನ್ನ ಕೈಲಾಗಲ್ಲ, ಯಾರಾದ್ರೂ ಡ್ರೈವರ್ ಇಟ್ಕೊಳ್ಳಿ, ಮುಖ ತಿರುಗಿಸಲಿಲ್ಲ, ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಮೂರು ತಿಂಗಳ ಹಿಂದೆ ತಾನಾಗಿ ಬಂದು ಕೇಳಿದವಳು, ಅತ್ತೆ ನಂಗೂ ಕಲಿಸ್ತೀರಾ, ಕಣ್ಣಲ್ಲಿ ಏನು ಹೊಳಪು ಆವತ್ತು, ಆ ಹೊಳಪು ನಲ್ಲಿ ನೀರಲ್ಲಿ ಹರಿದುಹೋಗಬಾರದು, ಇಲ್ಲ, ಅದಾಗಬಾರದು.

ನಟ್ಟು ಒಂದು ಕಿರುಚು ಕಿರುಚಿ ಸಡಿಲಾಯಿತು. ಸರಳು ತಿರುಗಿಸು, ನಿಧಾನ, ತೀರಾ ಸಡಿಲವಾದರೆ ಗೇರು ಬೀಳುವುದಿಲ್ಲ, ಬಿಗಿಯಾದರೆ ಮತ್ತದೇ ಕಪ್ಪೆ, ಅಂಗೈಯಲ್ಲಿ ಪೆಡಲು ಒತ್ತಿ ನೋಡುತ್ತಾಳೆ, ಇಷ್ಟು ಹೋದ ಮೇಲೆ ಹಿಡಿಯಬೇಕು, ಇನ್ನೂ ಕೆಳಗೆ, ಸೊಸೆಯ ಹಿಮ್ಮಡಿ ನೆಲ ಮುಟ್ಟುವಷ್ಟು ಕೆಳಗೆ — ತಿರುಗಿಸಿದಷ್ಟೂ ತನ್ನ ಮೊಣಕಾಲಿಗೆ ದೂರ, ಅದು ಗೊತ್ತು, ಗೊತ್ತಿದ್ದೂ ಕೈ ನಿಲ್ಲುವುದಿಲ್ಲ, ವಿಚಿತ್ರ, ಅಳು ಬರಬೇಕಿತ್ತು, ಬರುತ್ತಿರುವುದು ಆಕಳಿಕೆ, ಹೊಟ್ಟೆ ತುಂಬಿದವಳ ಹಾಗೆ. ಮೊದಲ ಸಲ ಈ ಬಂಡಿ ಏರಿನಲ್ಲಿ ಹಿಂದಕ್ಕೆ ಜಾರದೆ ಹತ್ತಿದ್ದು, ರಸ್ತೆಯಲ್ಲಿ ಗಂಡಸರೆಲ್ಲ ತಿರುಗಿ ನೋಡಿದ್ದು, ಪಕ್ಕದಲ್ಲಿ ಗಂಡ ಕಣ್ಣು ಮುಚ್ಚಿ ಬಾಗಿಲ ಹಿಡಿ ಹಿಡಿದಿದ್ದು, ನಗು ಬರುತ್ತದೆ, ಸಾಕಷ್ಟು ಓಡಿಸಿದೆ, ನಿಜವಾಗಿಯೂ ಸಾಕಷ್ಟು.

ಎದ್ದು ಸೀಟಿಗೇರಿ ಒಮ್ಮೆ ತುಳಿದು ನೋಡಿದಳು, ಅರ್ಧಕ್ಕೆ ಮೊಣಕಾಲು ಚುಚ್ಚಿತು, ಗೇರು ಗರ್ ಅಂತು, ಇನ್ನೊಮ್ಮೆ, ಮತ್ತೆ ಗರ್, ಗಂಡ ಓಡಿಬಂದ, ಅಯ್ಯೋ ಕೆಡಿಸಿಬಿಟ್ಯಾ, ಇಲ್ಲಾರೀ ಸರಿಯಾಯ್ತು. ಅವನಿಗೆ ಅರ್ಥವಾಯಿತು, ಮಿನುಗುವ ಕೈಯನ್ನು ಅವಳ ಮೊಣಕಾಲ ಮೇಲಿಟ್ಟ, ಸೀರೆಗೆ ಗಾಜಿನ ಪುಡಿ ಹತ್ತುತ್ತೆ ಅಂತ ಬೈಯಬೇಕಿತ್ತು, ಬೈಯಲಿಲ್ಲ. ಮಗನೂ ಅವನೂ ಸೇರಿ ಕ್ಷೌರಿಕನ ಹೊಸ ಅಂಗಡಿಯ ಕನ್ನಡಿಯನ್ನು ಕಂಬಳಿ ಸುತ್ತಿ ಹಿಂದೆ ಕಟ್ಟುತ್ತಾರೆ, ಬಾಗಿಲಿನಷ್ಟು ದೊಡ್ಡದು, ಸೊಸೆ ದೂರದಲ್ಲೇ ನಿಂತಿದ್ದಾಳೆ, ಬೇಡ ಅತ್ತೆ, ಇದನ್ನೂ ಒಡೆದ್ರೆ ನನ್ನ ಮುಖ ನಾನೇ ನೋಡ್ಕೊಳ್ಳೋಕಾಗಲ್ಲ. ತಪ್ಪು ನಿನ್ನದಲ್ಲ ಕಣೇ, ಪೆಡಲಿಂದು, ನೀನು ಹೇಳಿದ್ದೇ ಸರಿ, ನೆಲ ಸರಿಮಾಡಿದೀನಿ, ಬಾ ಕುಣಿ. ನಿಜವಾಗ್ಲೂ? ನಿಜವಾಗ್ಲೂ. ಅತ್ತೆ ಮತ್ತೆ ನೀವು ಓಡಿಸೋದು? ಬಾ ಅಂದ್ನಲ್ಲ — ಅಂತ ಪಕ್ಕದ ಸೀಟಿಗೆ ಜರುಗುತ್ತಾಳೆ, ಗೇರಿನ ಕಡ್ಡಿ ದಾಟಿ, ಒಂದೊಂದೇ ಕಾಲು.

ಏರು. ಎದುರಿಗೆ ಬಸ್ಸು ಬರುತ್ತಿರಬಹುದು, ಇವಳು ನೋಡುವುದಿಲ್ಲ, ಸಂಜೆಗೆ ಅಡುಗೆಗೇನು, ಮೊಣಕಾಲಿಗೆ ಎಣ್ಣೆ ತರಬೇಕು, ಹಿಂದೆ ಕಟ್ಟಿದ ಕನ್ನಡಿಯ ಸದ್ದಿಲ್ಲ, ಇನ್ನೂ ಸದ್ದಿಲ್ಲ, ಸೊಸೆ ಉಸಿರು ಹಿಡಿದಿದ್ದಾಳೆ, ಬಂಡಿ ಜಾರುವುದಿಲ್ಲ, ಕುಪ್ಪಳಿಸುವುದಿಲ್ಲ, ಹತ್ತುತ್ತಿದೆ, ಬೆರಳು ಪೆಡಲನ್ನು ಮೆಲ್ಲಗೆ, ಮೆಲ್ಲಗೆ ಬಿಡುತ್ತಿದೆ, ಮತ್ತೆ ಹಿಮ್ಮಡಿ, ಆ ಸಣ್ಣ ಹಿಮ್ಮಡಿ, ಮ್ಯಾಟಿನ ಮೇಲೆ, ಊರಿಕೊಂಡು, ಅಲುಗದೆ —