ಕೂತಾಗಿನ ಎತ್ತರ

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ನಮ್ಮ ಮನೆತನದ ಅಯ್ಯನವರು ಮಲ್ಲಯ್ಯ ನಮ್ಮ ಹಳ್ಳಿ ಚಪಳಗಾಂವದಿಂದ ಸೊಲ್ಲಾಪುರದ ನನ್ನ ಬಟ್ಟೆ ಅಂಗಡಿಗೆ ಬಂದರು.

"ಅಣ್ಣಾರಾಯರ, ನಿಮ್ಮ ತಮ್ಮ ಲಿಂಗೈಕ್ಯ ಆದ್ರು," ಎಂದರು. ನನಗೆ ಅಳಲೂ ಬಿಡಲಿಲ್ಲ. "ಗೂಡು ಎಷ್ಟು ಎತ್ತರ ತಗೀಬೇಕು? ಅಳತಿ ನಿಮ್ಮ ಕಡೆ ಅದ ಅಂತಲ್ಲ?"

ಇತ್ತು. ನಮ್ಮಲ್ಲಿ ತೀರಿದವರನ್ನು ಕೂಡಿಸಿಯೇ ಮಣ್ಣು ಮಾಡುತ್ತೇವೆ. ಗುಂಡಿಯ ಗೋಡೆಯಲ್ಲಿ ತೆಗೆದ ಸಣ್ಣ ಗೂಡಿನೊಳಗೆ ಬಗ್ಗಿಸಿ ಸರಿಸಬೇಕು. ನನ್ನ ತಮ್ಮ ಮಲಕಾಜಪ್ಪನಿಗೆ ಬೆನ್ನುಮೂಳೆಯ ಸಂಧಿವಾತ. ಕೀಲುಗಳು ಬೆಸೆದು ಬೆನ್ನು ಒನಕೆಯಾಗಿತ್ತು. ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದ, ಬಗ್ಗುತ್ತಿರಲಿಲ್ಲ.

ಹಿಂದಿನ ವರ್ಷ, ೧೯೭೫ರಲ್ಲಿ, ಅವನನ್ನು ಸೊಲ್ಲಾಪುರದ ಒಬ್ಬ ತರುಣ ಡಾಕ್ಟರರಿಗೆ ತೋರಿಸಿದ್ದೆ. ಈ ರೋಗ ಮನುಷ್ಯನ ಬಾಳುವೆಯನ್ನು ಎಷ್ಟು ಕೆಡಿಸುತ್ತದೆಂದು ಅಳೆಯಲು ಅವರು ಪ್ರಶ್ನೆಗಳ ಪಟ್ಟಿ ಮಾಡಿಕೊಂಡಿದ್ದರು.

"ಕಾಲಚೀಲ ಹಾಕ್ಕೊಳ್ಳಾಕ ತ್ರಾಸ ಆಗ್ತದೇನ್ರಿ?"

"ಇಲ್ರಿ. ಹುಟ್ಟಿದಾಗಿಂದ ಹಾಕ್ಕೊಂಡೇ ಇಲ್ಲ."

ತ್ರಾಸವಿಲ್ಲ ಎಂದು ಡಾಕ್ಟರು ಬರೆದುಕೊಂಡರು.

"ಕುತ್ತಿಗಿ ಆಕಡಿ ಈಕಡಿ ಹೊಳ್ಳಸಾಕ?"

"ಅದೊಂದ ಹೊಳ್ಳಂಗಿಲ್ರಿ. ಹೆಂಡ್ತಿ ಕರದ್ರ ಇಡೀ ಮೈ ಹೊಳ್ಳಸ್ತೀನಿ. ಅಕೀಗೆ ಭಾಳ ಖುಷಿ."

"ಮತ್ತೇನೇನು ಮಾಡಾಕ ಆಗವಲ್ದು?"

"ಈ ಅಣ್ಣನ ಕಾಲಿಗೆ ಬೀಳಾಕ ಆಗವಲ್ದು. ಅದೊಂದ ಈ ಬ್ಯಾನಿಯ ಉಪಕಾರ."

ನಾನು ಕಣ್ಣು ಕೆಕ್ಕರಿಸಿದೆ. ಅವನು ಒಮ್ಮೆಲೇ ಮೆತ್ತಗಾದ.

"ಕೇಳಬೇಕಾದ್ದು ಕೇಳಲೇ ಇಲ್ರಿ ನೀವು. ಸತ್ತ ಮ್ಯಾಲ ಗೂಡಿನ್ಯಾಗ ಹೆಂಗ ಹೋಗ್ಲಿ? ನಮ್ಮ ಮಂದಿ ಬೆನ್ನು ಮುರದು ತುರಕತಾರ. ನೋವಿಗಿಂತ ಅದ ಚಿಂತಿ ಹೆಚ್ಚಾಗೇದ. ನನ್ನ ಕೂತ ಎತ್ತರ ಅಳದು ಕೊಡ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಅವರೇ ನೆಲಕ್ಕೆ ಕೂತು, ಟೇಪು ಹಿಡಿದು, ಅಳತೆಯನ್ನು ಚೀಟಿಯಲ್ಲಿ ಬರೆದು ನನಗೆ ಕೊಟ್ಟರು. ಆ ರಾತ್ರಿ ನನ್ನ ತಮ್ಮ ಗೊರಕೆ ಹೊಡೆದು ನಿದ್ದೆ ಮಾಡಿದ.

ಚಪಳಗಾಂವದಲ್ಲಿ ಗುಂಡಿ ತೋಡುವ ಕಲ್ಯಾಣಪ್ಪ ಚೀಟಿಯ ಪ್ರಕಾರವೇ ಗೂಡು ತೆಗೆದ. ಮಲಕಾಜಪ್ಪ ಎಲ್ಲಿಯೂ ಬಗ್ಗದೆ, ಮದುಮಗನಂತೆ ಒಳಗೆ ಹೋಗಿ ಕೂತ. ಆದರೆ ಬರಿದಲೆಯ ಮೇಲೆ ನಾಲ್ಕು ಬೆರಳು ಜಾಗ ಉಳಿಯಿತು.

"ಡಾಕ್ಟರ ಅಳತಿ ತಪ್ಪೇದ್ರಿ," ಎಂದ ಕಲ್ಯಾಣಪ್ಪ.

ಅಳುತ್ತ ನಿಂತಿದ್ದ ತಮ್ಮನ ಹೆಂಡತಿ ಶಾರದಾಬಾಯಿ ಬಾಯಿಂದ ಸೆರಗು ತೆಗೆದಳು. "ಯಾಕ ತಪ್ಪತದ? ಪರರ ಮುಂದ ಎಂದಾದ್ರೂ ರುಮಾಲು ತಗದಾರೇನು ಅವರು?"

ಮಣ್ಣಿನ ಗುಂಡಿಯ ಸುತ್ತ ನಿಂತವರೆಲ್ಲ ನಕ್ಕುಬಿಟ್ಟರು. ಅವಳೂ ನಕ್ಕಳು, ಮತ್ತೆ ಅತ್ತಳು.

ನಾನು ಗುಂಡಿಗೆ ಇಳಿದು ನನ್ನ ರುಮಾಲು ಬಿಚ್ಚಿ ಅವನ ತಲೆಗೆ ಸುತ್ತಿದೆ. ಅದಕ್ಕೆ ನಾನೇ ಅವನ ಮುಂದೆ ಬಗ್ಗಬೇಕಾಯಿತು. ಗೂಡು ಸರಿಯಾಯಿತು.

ಶಿವನೇ, ನಿನ್ನ ಮುಂದೆಯೂ ಅವನು ಬಗ್ಗಲಾರ, ಗರ್ವವೆಂದು ತಿಳಿಯಬೇಡ. ನೋವಿಲ್ಲದ ಕಡೆ ಕೂಡಿಸಿಕೋ. ನನ್ನ ತಮ್ಮನ ಜೀವಕ್ಕೆ ಶಾಂತಿ ಕೊಡು.